ಕಲಾಯಿಗಾರ ಬಾಬಾಲಾಲರ ಅರ್ಜಿಗಳು

ನವಸಾಗರದ ಹೊಗೆ ಮೂಗಿಗೆ ಖಾರವಾಗಿ ಹತ್ತಿ ಕಣ್ಣಲ್ಲಿ ನೀರು ತರಿಸುತ್ತದೆ. ಹುಕ್ಕೇರಿಯ ನಮ್ಮ ಮನೆಯ ಹಿತ್ತಲಲ್ಲಿ ವರ್ಷಕ್ಕೆರಡು ಸಲ ಆ ವಾಸನೆ ಏಳುತ್ತಿತ್ತು. ಕಾದ ಹಂಡೆಯೊಳಗೆ ಬಿಳಿಯ ಪುಡಿ ಎರಚಿ, ತವರದ ಕಡ್ಡಿ ತಾಗಿಸಿ, ಅರಳೆಯಿಂದ ಒಮ್ಮೆ ತಿಕ್ಕಿದರೆ ಸಾಕು, ಕಪ್ಪಾಗಿದ್ದ ಪಾತ್ರೆಯ ಹೊಟ್ಟೆ ಬೆಳ್ಳಗಾಗುತ್ತಿತ್ತು. ಮಕ್ಕಳಾದ ನಾವು ಕೆಮ್ಮುತ್ತ ಅಲ್ಲೇ ನಿಂತಿರುತ್ತಿದ್ದೆವು. ಐವತ್ತು ವರ್ಷಗಳ ಮೇಲೆ ಅದೇ ವಾಸನೆ ಕೊಣ್ಣೂರಿನ ಒಂದು ಬೇವಿನ ಮರದ ಕೆಳಗೆ, ಬೆಳಕು ಹರಿಯುವ ಹೊತ್ತಿಗೆ, ಬಾಬಾಲಾಲರ ಕತೆ ಬರೆದುಕೊಳ್ಳಲು ಬಂದ ನನಗೆ ಮತ್ತೆ ಸಿಕ್ಕಿದೆ.

ಬಾಬಾಲಾಲರು ತಿದಿ ಒತ್ತುತ್ತಿದ್ದಾರೆ. ವಯಸ್ಸು ಐವತ್ತೆಂಟು. ಬೆರಳ ತುದಿಗಳಲ್ಲಿ ಸುಟ್ಟ ಗಾಯದ ಹಳೆಯ ಕಲೆಗಳು. ಪಕ್ಕದಲ್ಲಿ ಒಂದು ತಗಡಿನ ಡಬ್ಬಿ ಇದೆ. ಅದರಲ್ಲಿರುವುದು ತವರವಲ್ಲ, ಕಾಗದ.

"ಬಿಸಲೇರೂದ್ರಾಗ ಆರು ಭಾಂಡೆ ಮುಗಸಬೇಕ್ರಿ ಅಕ್ಕಾರ. ಆಮ್ಯಾಲ ಕೈ ತೊಳಕೊಂಡು ಕಾಗದ ಮುಟ್ಟತೇನಿ. ಮಸಿ ಹತ್ತಿದ ಅರ್ಜಿ ಸಾಹೇಬ್ರು ಓದೂದಿಲ್ಲ."

ಅವರ ಹೆಂಡತಿ ಖಾತುನಬಿ ಆಗಲೇ ನೀರು ಕಾಯಿಸಿ ತಂದಿದ್ದಾರೆ. ಗಂಡನ ಕೈಮೇಲೆ ಸಣ್ಣಗೆ ಸುರಿಯುತ್ತ ನನ್ನ ಕಡೆ ತಿರುಗುತ್ತಾರೆ. "ಊರ ಮಂದಿ ಭಾಂಡೆಕ್ಕ ಕಲಾಯಿ ಹಚ್ಚಿದ್ದು ಸಾಲಲಿಲ್ರಿ ಇವಂಗ. ಸರಕಾರಕ್ಕೂ ಹಚ್ಚಾಕ ಹೊಂಟಾನ!" ಹಾಗೆಂದವರು ಸೆರಗಿನಿಂದ ಅವರ ಬೆರಳುಗಳನ್ನು ಒಂದೊಂದಾಗಿ ಒರೆಸುತ್ತಾರೆ.

ಡಬ್ಬಿಯಲ್ಲಿರುವುದು ಅನುದಾನದ ಅರ್ಜಿಗಳ ನಕಲುಗಳು. ಮೂರು ಜನರ ಸಣ್ಣ ಮೇಳವೊಂದು ಹಳ್ಳಿಯಲ್ಲಿ ತಿಂಗಳು ಕಾಲ ಉಳಿದು, ಸಂಜೆ ಬಂದವರಿಗೆಲ್ಲ ಹಾಡು, ವಾದ್ಯ ಕಲಿಸಬೇಕು. ಅವರ ಊಟ ಮತ್ತು ದಿನಗೂಲಿಯ ಭಾರವನ್ನು ಸರಕಾರ ಹೊರಬೇಕು. ಇಷ್ಟೇ ಕೋರಿಕೆ. ನಲವತ್ತೆಂಟನೆಯ ಇಸವಿಯಿಂದ ಈ ಅರವತ್ತಮೂರರವರೆಗೆ ಬಾಬಾಲಾಲರು ಮೂವತ್ತೊಂದು ಅರ್ಜಿ ಹಾಕಿದ್ದಾರೆ. ಮಂಜೂರಾದವು ಐದು. ಮೊದಲು ಮುಂಬಯಿಗೆ ಬರೆಯುತ್ತಿದ್ದರು. ಐವತ್ತಾರರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಎರಡು ಅರ್ಜಿಗಳು ನಡುದಾರಿಯಲ್ಲೇ ಕಳೆದುಹೋದವು. ಮತ್ತೆ ಮೊದಲಿನಿಂದ ಬೆಂಗಳೂರಿಗೆ ಬರೆದರು. ಅವರು ಕಲಿತದ್ದು ನಾಲ್ಕನೆಯ ಇಯತ್ತೆ. ಅವರ ದುಂಡಗಿನ ಅಕ್ಷರದ ಕಾಗದವನ್ನು ಗೋಕಾಕದ ಒಬ್ಬ ಟೈಪಿಸ್ಟರು ಇಂಗ್ಲಿಷಿಗೆ ಇಳಿಸಿಕೊಡುತ್ತಾರೆ. ಬಾಬಾಲಾಲರು ಬಂದ ದಿನ ಹೊಸ ರಿಬ್ಬನ್ ಹಾಕುತ್ತಾರಂತೆ.

ಇದೆಲ್ಲ ಶುರುವಾದದ್ದು ಒಂದು ಜೋಡಿ ತಾಳದಿಂದ. ಕಲಾಯಿಗೆಂದು ಹೋದ ಹಳ್ಳಿಯಲ್ಲಿ ಒಬ್ಬ ಹೆಣ್ಣುಮಗಳು ಕಂಚಿನ ತಾಳ ತಂದು, ಇದನ್ನು ಕರಗಿಸಿ ತಂಬಿಗೆ ಮಾಡಿಕೊಡು ಎಂದಳು. ಮನೆಯಲ್ಲಿ ಹಾಡುವವರು ಉಳಿದಿಲ್ಲ, ಗೂಟಕ್ಕೆ ತೂಗುಹಾಕಿ ಏನು ಮಾಡಲಿ ಎಂಬುದು ಅವಳ ಮಾತು. ಆ ವರ್ಷ ನಾಲ್ಕು ಹಳ್ಳಿಗಳಲ್ಲಿ ತಾಳಗಳು ಹೀಗೆಯೇ ಅವರ ಚೀಲಕ್ಕೆ ಬಂದವು. "ಕರಗಸಾಕ ಆಗಲಿಲ್ರಿ. ನನಗ ಹಾಡ ಬರೂದಿಲ್ಲ, ತಾಳಾನೂ ತಪ್ಪತೇನಿ. ಕಾಡವ್ವ ನನ್ನ ಬಾಜೂ ಕುಂಡ್ರಗೊಡೂದಿಲ್ಲ. ಅರ್ಜಿ ಬರದೇನು ಅಂತ ಕುಂತ್ನಿ."

ಕಾಡವ್ವ ಮೇಳದ ಹಾಡುಗಾರ್ತಿ. ಮುರಿಗೆಪ್ಪ ಹಾರ್ಮೋನಿಯಂ ಪೇಟಿ ನುಡಿಸುತ್ತಾನೆ, ಲಕ್ಕಪ್ಪ ದಿಮ್ಮಡಿ ಬಾರಿಸುತ್ತಾನೆ. ಮೂವರೂ ಹೊಲದ ಕೂಲಿಯವರು.

ಇವತ್ತು ಡಬ್ಬಿಯ ಮೇಲ್ಭಾಗದಲ್ಲಿರುವ ಲಕೋಟೆ ಅರ್ಜಿಯದಲ್ಲ, ಒಂದು ನೋಟೀಸಿನ ಉತ್ತರದ್ದು. ಕಳೆದ ತಿಂಗಳು ಮೇಳ ನಾಗನೂರಿನಲ್ಲಿತ್ತು. ಹದಿನೆಂಟನೆಯ ದಿನ ಇಲಾಖೆಯ ತಪಾಸಣೆಗಾರರು ಬಂದರು. ಪಾಠ ನಡೆಯುವ ಶಾಲೆಗೆ ಬೀಗ. ಊರಲ್ಲಿ ಗುಡ್ಡವ್ವ ಎಂಬ ಮುದುಕಿ ಅಂದು ಬೆಳಗ್ಗೆ ತೀರಿಕೊಂಡಿದ್ದಳು, ಮೇಳದವರು ಆ ಮನೆಯಲ್ಲಿ ಹಾಡುತ್ತಿದ್ದರು. ಅನುದಾನದ ದಿನಗಳಲ್ಲಿ ಖಾಸಗಿ ಮನೆಗಳಲ್ಲಿ ಹಾಡಬಾರದೆಂದು ಏಳನೆಯ ಷರತ್ತು ಹೇಳುತ್ತದೆ. ನೋಟೀಸು ಬಂದ ಹದಿನೈದು ದಿನಗಳೊಳಗೆ ತಕ್ಕ ಉತ್ತರವನ್ನು ಅಂಚೆಗೆ ಹಾಕದಿದ್ದರೆ ಮುಂದಿನ ಮಂಜೂರಾತಿ ರದ್ದು. ಮುಂದಿನ ಸರದಿ ನಿಡಸೋಸಿಯ ಹತ್ತಿರದ ಒಂದು ಹಳ್ಳಿಯದು. ಅಲ್ಲಿಯವರು ಮೇಳಕ್ಕಾಗಿ ಒಂದು ಖೋಲಿಗೆ ಸುಣ್ಣ ಬಳಿದು ಕಾಯುತ್ತಿದ್ದಾರೆ.

ಕಚೇರಿಯ ಕಾರಕೂನರೊಬ್ಬರು ಮರುಕದಿಂದಲೇ ದಾರಿ ತೋರಿಸಿದ್ದಾರೆ: ನಾವು ಊಟಕ್ಕೆ ಹೋಗಿದ್ದೆವು, ಸತ್ತವರ ಮನೆಯಲ್ಲಿ ಹಾಡಿದವರು ಬೇರೆ ಮಂದಿ ಎಂದು ಎರಡು ಸಾಲು ಬರೆದು, ಆ ಮನೆಯವರ ಹೆಬ್ಬೆಟ್ಟು ಒತ್ತಿಸಿ ಕಳಿಸಿದರೆ ಸಾಕು. ಇವತ್ತಿಗೆ ಹದಿನೈದು ದಿನ ಮುಗಿಯುತ್ತದೆ.

"ಬರದೇನ್ರಿ," ಎನ್ನುತ್ತಾರೆ ಬಾಬಾಲಾಲರು, ನನ್ನ ಮುಖ ನೋಡದೆ. "ಹಂಗ ಬರದೇನಿ. ಅಂಟ ಹಚ್ಚಿಲ್ಲ ಇನ್ನಾ."

ಒಂಬತ್ತರ ಬಸ್ಸಿಗೆ ನಾಗನೂರಿಗೆ ಹೊರಡುತ್ತೇವೆ. ಅವರು ಏನೂ ತಿಂದಿಲ್ಲ. ಮೇಳದ ಮೂವರೂ ಮೊದಲೇ ಬಂದು ಅಲ್ಲಿಯ ಶಾಲೆಯ ಕಟ್ಟೆಯ ಮೇಲೆ ಕಾಯುತ್ತಿದ್ದಾರೆ.

"ಎರಡ ಸಾಲಿಗೆ ಇಷ್ಟ್ಯಾಕ ಮಾರಿ ಸಣ್ಣ ಮಾಡ್ತಿ ಕಾಕಾ?" ಎನ್ನುತ್ತಾನೆ ಮುರಿಗೆಪ್ಪ. "ನಿಡಸೋಸಿ ಕಡೆಯವ್ರಿಗೆ ನಾಳೆ ಏನಂತ ಹೇಳ್ತಿ? ಸುಣ್ಣ ಕೆರಕೊಳ್ರಿ ಅಂತೀಯೇನು?"

ಕಾಡವ್ವ ನನಗೆ ಆ ದಿನದ ಸಂಗತಿ ಹೇಳುತ್ತಾಳೆ. "ನಾವು ಬರೇ ಸುರು ಮಾಡಿದ್ವಿರಿ. ಎರಡನೇ ನುಡಿಗೆ ಗುಡ್ಡವ್ವನ ಮಗಳು ಸತ್ತೆವ್ವ ತಾನ ಎತ್ತಿಕೊಂಡ್ಳು. ಮಂದಿ ಮುಂದ ಎಂದೂ ಬಾಯಿ ಬಿಟ್ಟಾಕಿ ಅಲ್ಲ. ಆಕಿ ಹಿಂದ ಹದಿನೇಳು ಮಂದಿ, ಎಲ್ಲಾ ನಮ್ಮ ಹಂತ್ಯಾಕ ಕಲತವ್ರ. ನಾ ಬಾಯಿ ಮುಚ್ಚಿದ್ನಿ. ನಮ್ಮನ್ನ ಯಾರೂ ನೋಡಲಿಲ್ರಿ. ನನಗ ಅಷ್ಟ ಸಾಕಾತು."

ತಪಾಸಣೆಗಾರರು ನೋಡಲು ಬಂದದ್ದು ಇದನ್ನೇ. ಆದರೆ ಶಾಲೆಯ ಬೀಗ ನೋಡಿ, ಮೇಳ ಎಲ್ಲಿದೆ ಎಂದು ದಾರಿಹೋಕರನ್ನು ಕೇಳಿ ಬರೆದುಕೊಂಡು ಹೊರಟುಹೋದರು.

ಸತ್ತೆವ್ವ ಕಬ್ಬಿನ ಗದ್ದೆಯಿಂದ ಬರುತ್ತಾಳೆ. ಮೂವತ್ತರ ಆಸುಪಾಸು. ದಿನಕರ್ಮ ಮುಗಿದಿದೆ, ಮುಖ ಇನ್ನೂ ಬಾಡಿದೆ. "ಎಲ್ಲಿ ಒತ್ತಲಿ ಕಾಕಾ?" ಎಂದು ಹೆಬ್ಬೆಟ್ಟು ಮುಂದೆ ಮಾಡುತ್ತಾಳೆ.

"ತಡಿ ತಂಗಿ. ಓದಿ ಹೇಳತೇನಿ."

ಹದಿನೈದು ವರ್ಷಗಳಲ್ಲಿ ಓದಿ ಹೇಳದೆ ಯಾರ ಹೆಬ್ಬೆಟ್ಟನ್ನೂ ಅವರು ಒತ್ತಿಸಿಕೊಂಡವರಲ್ಲ. ಕನ್ನಡಕ ಏರಿಸಿ ಶುರುಮಾಡುತ್ತಾರೆ. ತಾರೀಖು ಓದುತ್ತಾರೆ. ಗುಡ್ಡವ್ವನ ಹೆಸರು ಓದುತ್ತಾರೆ. 'ಸದರಿ ಮನೆಯಲ್ಲಿ ಹಾಡಿದವರು' ಎಂಬಲ್ಲಿಗೆ ಬಂದು ನಿಲ್ಲುತ್ತಾರೆ.

"ಮುಂದ ಓದ್ರಿ," ಎನ್ನುತ್ತಾಳೆ ಸತ್ತೆವ್ವ.

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಾರೆ. ಅವಳು ಕಾಯುತ್ತಾಳೆ. ಕೊನೆಗೆ ಮೆಲ್ಲಗೆ ಕೇಳುತ್ತಾಳೆ: "ನಾವು ಹಾಡಲಿಲ್ಲ ಅಂತ ಬರದೀರೇನ್ರಿ?"

ಬಾಬಾಲಾಲರು ಆ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕುತ್ತಾರೆ. ಲಕ್ಕಪ್ಪ ಎದ್ದುಹೋಗಿ ಶಾಲೆಯ ಮಾಸ್ತರರಿಂದ ಒಂದು ಬಿಳಿ ಹಾಳೆ ಕೇಳಿ ತರುತ್ತಾನೆ, ಕೆಳಗಿಡಲು ಹುಡುಗರು ಬರೆಯುವ ಒಂದು ಪಾಟಿಯನ್ನೂ ತರುತ್ತಾನೆ.

ಬರೆಯಲು ಅರ್ಧ ತಾಸು ಹಿಡಿಯುತ್ತದೆ. ನಂತರ ಒಂದೂ ಮಾತು ನುಂಗದೆ ಓದುತ್ತಾರೆ: "ಆ ದಿನ ಗುಡ್ಡವ್ವನವರು ತೀರಿಕೊಂಡರು. ನಮ್ಮನ್ನು ಯಾರೂ ಕರೆಯಲಿಲ್ಲ. ನಮ್ಮ ಕಡೆ ಸಾವಿಗೆ ಕರೆಯುವ ರೂಢಿ ಇಲ್ಲ, ಕೇಳಿದವರು ಹೋಗುತ್ತಾರೆ. ನಾವು ಹೋಗಿ ಹಾಡಿದೆವು. ನಮ್ಮಲ್ಲಿ ಕಲಿತವರು, ಅವರ ಮಗಳೂ ಸೇರಿ ಹದಿನೆಂಟು ಜನ ಹಾಡಿದರು. ಇದರಿಂದ ಷರತ್ತು ಮುರಿದಿದ್ದರೆ ತಪ್ಪು ಅರ್ಜಿದಾರನದು. ನಿಡಸೋಸಿ ಕಡೆಯ ಹಳ್ಳಿಯವರದು ಏನೂ ತಪ್ಪಿಲ್ಲ."

ಸತ್ತೆವ್ವ ಹೆಬ್ಬೆಟ್ಟು ಒತ್ತುತ್ತಾಳೆ. ಮಸಿಯ ಬೆರಳನ್ನು ಒರೆಸಿಕೊಳ್ಳದೆ ಮನೆಯ ಕಡೆ ಬೇಗ ಬೇಗ ನಡೆಯುತ್ತಾಳೆ.

"ಅನುದಾನ ಹೋತ, ತಿಳಿ," ಎನ್ನುತ್ತಾನೆ ಮುರಿಗೆಪ್ಪ. ಆದರೂ ಲಕೋಟೆಗೆ ಅಂಟು ಹಚ್ಚುವವನು ಅವನೇ.

ಮಂಜೂರಾತಿ ರದ್ದಾದರೆ ಏನು ಮಾಡುತ್ತೀರಿ ಎಂದು ದಾರಿಯಲ್ಲಿ ಕೇಳುತ್ತೇನೆ. ಬಾಬಾಲಾಲರು ನಡೆಯುತ್ತಲೇ ಹೇಳುತ್ತಾರೆ: "ನಿಡಸೋಸಿ ಕಡೆ ನಾನ ಹೋಗಿ ಹೇಳತೇನ್ರಿ. ಬೈತಾರ, ಬೈಸಿಕೊಂತೇನಿ. ಅಲ್ಲೇ ಕುಂತು ಮೂವತ್ತೆರಡನೇದು ಬರೀತೇನಿ. ನಾ ಸಾಯೂದ್ರಾಗ ಆ ಒಂದ ಹಳ್ಳಿ ಆದ್ರ ಸಾಕು."

ಗೋಕಾಕದ ಅಂಚೆ ಕಚೇರಿ ಮುಚ್ಚುವುದರೊಳಗೆ ರಜಿಸ್ಟರ್ ಮಾಡಬೇಕು. ಬಸ್ಸು ಬಂದು ನಿಂತಿದೆ. ಬಾಬಾಲಾಲರು ಲಕೋಟೆಯನ್ನು ಎದೆಗೊತ್ತಿ ಹಿಡಿದು ಕಿಟಕಿಯ ಬದಿ ಕೂತಿದ್ದಾರೆ. ಅಷ್ಟರಲ್ಲಿ ಸತ್ತೆವ್ವ ಏದುಸಿರು ಬಿಡುತ್ತ ಬರುತ್ತಾಳೆ. ಅರಿವೆಯಲ್ಲಿ ಸುತ್ತಿದ ಎರಡು ಬಿಸಿ ರೊಟ್ಟಿ, ನಡುವೆ ಝುಣಕ. ಕಿಟಕಿಯ ಸರಳಿನ ಸಂದಿಯಿಂದ ಅದನ್ನು ಒಳಗೆ ಚಾಚಿ, ಅವರ ತೊಡೆಯ ಮೇಲೆ ಇಡುತ್ತಾಳೆ.