ಮರಿಗೆ ನೀರೆರೆದ ಬೆಳಗು

ಹುಟ್ಟಿದ ಕೂಸಿಗೆ ಮೊದಲ ದಿನ ನೀರೆರೆಯಬಾರದು. ಇದನ್ನು ನಾನು ದಿನ ಬೆಳಗಾದರೆ ಹೇಳುತ್ತೇನೆ. ವಿಜಯಪುರದ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನಾನು ನರ್ಸು. ಬಾಣಂತಿಯ ಅತ್ತೆಯೋ ಅಜ್ಜಿಯೋ ಬಿಸಿನೀರಿನ ತಂಬಿಗೆ ಹಿಡಿದು ಬಂದರೆ ಬಾಗಿಲಲ್ಲೇ ತಡೆದು, "ಯವ್ವಾ, ಇವತ್ತ ಎರೀಬ್ಯಾಡ್ರಿ. ಕೂಸನ್ನ ತಾಯಿ ಎದಿ ಮ್ಯಾಲ ಹಾಕ್ರಿ" ಎನ್ನುತ್ತೇನೆ. ಒಂದು ಸಲ ಹೇಳಿದರೆ ಯಾರೂ ಕೇಳುವುದಿಲ್ಲ. ಎರಡನೆಯ ಸಲಕ್ಕೆ ನನ್ನ ದನಿ ಏರುತ್ತದೆ. ಇಂಥ ನಾನು ಘೋಣಸಗಿಯ ನಮ್ಮ ಹೊಲದಲ್ಲಿ, ಆಗಷ್ಟೇ ಹುಟ್ಟಿದ ಕುರಿಮರಿಗೆ ಸಾಬೂನು ಹಚ್ಚಿ ಎರೆದುಬಿಟ್ಟೆ. "ಹೇಳೂದು ಶಾಸ್ತ್ರ, ತಿನ್ನೂದು ಬದನಿಕಾಯಿ" ಎಂದು ನಮ್ಮ ಅತ್ತೆ ಈಗಲೂ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಾರೆ. ನೀರು ಕಾಯಿಸಿಕೊಟ್ಟವರು ತಾವೇ ಎಂಬುದನ್ನು ಮಾತ್ರ ಹೇಳುವುದಿಲ್ಲ.

ನಮ್ಮದು ಕುರಿ ಸಾಕುವ ಮನೆತನವಲ್ಲ. ವಿಜಯಪುರದ ಜೋರಾಪುರ ಪೇಟೆಯಲ್ಲಿ ಕಿರಾಣಿ ಅಂಗಡಿ. ಗಂಡನ ಅಪ್ಪ, ಅಜ್ಜ ಎಲ್ಲರೂ ತಕ್ಕಡಿ ಹಿಡಿದವರೇ. ಗಂಡನಿಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಕೂತು ಬೇಸರ ಬಂತು. ಅಂಗಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟು, ಘೋಣಸಗಿಯಲ್ಲಿ ದ್ರಾಕ್ಷಿ ತೋಟಗಳ ನಡುವೆ ಸುಮ್ಮನೆ ಬಿದ್ದಿದ್ದ ಹೊಲದಲ್ಲಿ ತಗಡಿನ ಶೆಡ್ಡು ಹಾಕಿಸಿ ಕುರಿ ಕಟ್ಟಿದರು. ಜೈನಾಪುರದಲ್ಲಿರುವ, ಕುರಿ ಬಲ್ಲ ನನ್ನ ಅಣ್ಣ ಬಬಲೇಶ್ವರದ ಕಡೆಯಿಂದ ಕುರಿಗಳನ್ನು ಆರಿಸಿ ಕಳಿಸಿದ. ಅತ್ತೆಯೂ ಮಗನ ಹಿಂದೆ ಹೋಗಿ ಅಲ್ಲೇ ಉಳಿದರು. "ನಿನ್ನ ಫಿನಾಯಿಲ್ ವಾಸನಿಗಿಂತ ಕುರಿ ವಾಸನಿ ಪಾಡ" ಎಂದರು. ನಾನು ಮಾತ್ರ ಪೇಟೆಯ ಮನೆಯಲ್ಲಿದ್ದು, ರಜೆ ಸಿಕ್ಕಾಗ ಟಿಕೋಟಾದವರೆಗೆ ಬಸ್ಸಿನಲ್ಲಿ, ಅಲ್ಲಿಂದ ಗಂಡನ ಬೈಕಿನಲ್ಲಿ ಹೋಗಿಬರುತ್ತೇನೆ.

ನಮ್ಮ ಮನೆಯಲ್ಲಿ ತತ್ತಿಯನ್ನೂ ಒಡೆಯುವುದಿಲ್ಲ. ಆದರೂ ಕುರಿ ಸಾಕಿ ಮಾರುತ್ತೇವೆ. ಟಗರು ಮರಿ ಕೊಳ್ಳಲು ಬಂದವನನ್ನು ಅತ್ತೆ ಪ್ರತಿ ಸಲವೂ, "ಸಾಕಾಕ ಒಯ್ಯಾಕತ್ತೀರಿ, ಹೌದಲ್ಲೋ ಯಪ್ಪಾ?" ಎಂದು ಕೇಳುತ್ತಾರೆ. ಅವನು "ಹೌದ್ರಿ ಯವ್ವಾ" ಎನ್ನುತ್ತಾನೆ. ಅತ್ತೆಗೆ ಅಷ್ಟು ಸಾಕು. ಆ ಹೊತ್ತಿಗೆ ನಾನು ಏನೋ ನೆವ ಮಾಡಿಕೊಂಡು ಬಾವಿಯ ಕಡೆ ಹೋಗಿರುತ್ತೇನೆ.

ಆ ಬೆಳಗ್ಗೆ ಚಳಿ ಜೋರಾಗಿತ್ತು. ಗಂಡ ಹಿಂಡಿ ತರಲು ಟಿಕೋಟಾಕ್ಕೆ ಹೋಗಿದ್ದರು. ಶೆಡ್ಡಿನ ಮೂಲೆಯಲ್ಲಿ ಕುರಿಯೊಂದು ಈದಿತ್ತು. ನಮ್ಮಲ್ಲಿ ಹುಟ್ಟಿದ ಮೊದಲ ಮರಿ ಅದು, ಹೆಣ್ಣು. ಮೈತುಂಬ ಹಳದಿ ಲೋಳೆ, ಅದಕ್ಕೆ ಹಿಕ್ಕೆ, ಮಣ್ಣು ಎಲ್ಲ ಮೆತ್ತಿಕೊಂಡು ಗಡಗಡ ನಡುಗುತ್ತಿತ್ತು. ತಾಯಿ ಆಗಲೇ ನೆಕ್ಕಲು ಶುರುಮಾಡಿತ್ತು. ಬಾಯಿ ತೆರೆಯದೆ ಗಂಟಲೊಳಗೇ ಏನೋ ಗುರುಗುಟ್ಟುತ್ತಿತ್ತು. ಕುರಿ ತನ್ನ ಮರಿಯ ಹತ್ತಿರ ಮಾತ್ರ ಆಡುವ ದನಿ ಅದು ಎಂದು ನನಗೆ ಆಗ ಗೊತ್ತಿರಲಿಲ್ಲ. ಅದು ನೆಕ್ಕಿ ಮುಗಿಸುವಷ್ಟರಲ್ಲಿ ಮರಿ ಸೆಟೆದು ಸಾಯುತ್ತದೆ ಅಂತ ನನಗೆ ಅನ್ನಿಸಿತು. ಬಗ್ಗಿ ಎತ್ತಿಕೊಂಡೆ. ತಾಯಿ ಮುಂಗಾಲೆತ್ತಿ ನೆಲಕ್ಕೆ ಬಡಿಯಿತು. ನಾನು ಹೊರಳಿದೆ, ಮತ್ತೆ ಬಡಿಯಿತು.

"ಏನ ಸಿಟ್ಟ ನೋಡ್ರಿ ಇಕಿದು" ಎಂದು ನಕ್ಕೆ.

"ನಿನ್ನಷ್ಟ ಇಲ್ಲ ಬಿಡು" ಎಂದರು ಅತ್ತೆ.

ಒಲೆಯ ಮೇಲಿದ್ದ ನೀರನ್ನು ಅವರು ಬೆರೆಸಿಕೊಟ್ಟರು. ನಾನು ಕೈತೊಳೆಯುವ ಸಾಬೂನು ಹಚ್ಚಿ, ಕಿವಿಯ ಸಂದು, ಕಾಲಿನ ಸಂದು, ಒಂದನ್ನೂ ಬಿಡದೆ ತೊಳೆದು, ಹೊದ್ದಿದ್ದ ಶಾಲಿನಲ್ಲೇ ಒರೆಸಿದೆ. ಮರಿ ಬೆಳ್ಳಗೆ, ಬೆಚ್ಚಗೆ ಆಯಿತು. ನನ್ನ ಕೆಲಸಕ್ಕೆ ನಾನೇ ಮೆಚ್ಚಿಕೊಂಡು ಅದನ್ನು ತಾಯಿಯ ಮುಂದೆ ಇಳಿಸಿದೆ.

ತಾಯಿ ಮೂಗು ಚಾಚಿ ಮೂಸಿತು. ಹಿಂದೆ ಸರಿಯಿತು. ಮರಿ ಕೆಚ್ಚಲಿನ ಕಡೆ ತಡವರಿಸುತ್ತ ಹೋದಾಗ ತಲೆಯಿಂದ ಹಾಯ್ದು ಉರುಳಿಸಿತು. ಆಮೇಲೆ ತಾನು ಈದ ಮೂಲೆಗೆ ಹೋಗಿ, ಅಲ್ಲಿಯ ಒದ್ದೆ ನೆಲಕ್ಕೆ ಮೂಗು ಹಚ್ಚಿ, ಅದೇ ಗಂಟಲ ದನಿಯಲ್ಲಿ ಕರೆಯತೊಡಗಿತು. ಮರಿ ಅದರ ಹಿಂದೆಯೇ ನಿಂತು ಒದರುತ್ತಿತ್ತು. ತಾಯಿ ಹೊರಳಿ ನೋಡಿ, ಇದಲ್ಲ ಎಂಬಂತೆ ಮತ್ತೆ ನೆಲ ಮೂಸಿ ತನ್ನ ಮರಿಯನ್ನು ಕರೆಯಿತು. ಹುಟ್ಟಿದ ಗಳಿಗೆಯಲ್ಲಿ ತಾಯಿ ಹಿಡಿದಿಟ್ಟುಕೊಂಡ ಮೈವಾಸನೆಯ ಗುರುತನ್ನು ನಾನು ಬಚ್ಚಲಿಗೆ ಸುರಿದಿದ್ದೆ.

ಅಣ್ಣನಿಗೆ ಫೋನ್ ಹಚ್ಚಿದೆ. "ಸಾಬೂನು ಹಚ್ಚಿದಿ?" ಎಂದು ಕೇಳಿ ಅವನು ಎಷ್ಟೋ ಹೊತ್ತು ನಕ್ಕ. ಆಮೇಲೆ ಸಮಾಧಾನವಾಗಿ ಹೇಳಿದ: "ಮರಿ ಮೈಗೆ ಉಪ್ಪ ಸವರ್ರಿ, ನೆಕ್ಕತಾಳ. ಇಬ್ಬರನ್ನೂ ಒಂದ ಕಡೆ ಕಟ್ಟಿಹಾಕ್ರಿ. ಒದೀತಾಳ, ಹಾಯತಾಳ, ಆದ್ರ ಕೈ ಬಿಡಬ್ಯಾಡ್ರಿ. ನಾಕೈದ ದಿನಕ್ಕ ಹೊಂದಕೋತಾಳ."

ಉಪ್ಪು ಸವರಿದೆವು, ಆಗಲಿಲ್ಲ. ತಾಯಿಯನ್ನು ಹಿಡಿದು ಗಿಣ್ಣದ ಹಾಲು ಹಿಂಡಿ ಮರಿಗೆ ಕುಡಿಸಿದೆವು. ಮರುದಿನವೂ ತಾಯಿ ಒದೆಯಿತು. ನನ್ನ ರಜೆ ಮುಗಿದಿತ್ತು. ಅಣ್ಣ ಹೇಳಿದ ನಾಕೈದು ದಿನ ಕಾಯಲು ಅತ್ತೆ ಇದ್ದರು, ಗಂಡ ಇದ್ದರು. ನಾನೇ ಕಾಯಲಿಲ್ಲ. "ಇಲ್ಲಿದ್ರ ಒದಿಸಿಕೊಂಡು ಸಾಯತೈತಿ" ಎಂದು ಮರಿಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಸಾಯುತ್ತದೆ ಎಂಬುದು ಬರೀ ನೆವ. ತಾಯಿ ಒಲ್ಲೆ ಎಂದ ಮರಿ ನನ್ನ ತೊಡೆಯ ಮೇಲೆ ಬಂದು ನನ್ನ ಬೆರಳು ಚೀಪಿದಾಗ ನನಗೆ ಒಳಗೊಳಗೇ ಖುಷಿಯಾಗಿತ್ತು. ನನ್ನ ಮಗ ಹುಟ್ಟಿದಾಗ ಬೇಗನೆ ಡ್ಯೂಟಿಗೆ ಹೋದವಳು ನಾನು. ಅವನನ್ನು ಬೆಳೆಸಿದವರು ಅತ್ತೆ. ಈಗ ಅವನು ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದಾನೆ, ಫೋನ್ ಮಾಡಿದರೆ ಹಾಂ, ಹೂಂ ಎಂಬೆರಡು ಮಾತು. ನನ್ನ ದನಿ ಕೇಳಿ ಓಡಿಬರುವ ಒಂದು ಜೀವ ನನಗೂ ಬೇಕಿತ್ತು. ಅದಕ್ಕಾಗಿ ಒಂದು ತಾಯಿಯ ಮರಿಯನ್ನು ಎತ್ತಿಕೊಂಡು ಬಂದೆ.

ಆಸ್ಪತ್ರೆಯ ಎದುರಿನ ಔಷಧದ ಅಂಗಡಿಯಲ್ಲಿ ಹಾಲಿನ ಬಾಟಲಿ ಕೇಳಿದರೆ ಅಂಗಡಿಯವನು, "ಮನ್ಯಾಗ ಬಾಣಂತನೇನ್ರಿ ಸಿಸ್ಟರ್?" ಎಂದ. "ಹೌದು, ನಂದ" ಎಂದೆ. ಜೋರಾಪುರ ಪೇಟೆಯ ನಮ್ಮ ಮಾಳಿಗೆಯ ಮೇಲೆ ಅವಳು ಬೆಳೆದಳು. ಇಲ್ಲಿಂದ ಮುಂದೆ ಅವಳನ್ನು 'ಅದು' ಎನ್ನಲು ನನಗೆ ಬಾಯಿ ಬರುವುದಿಲ್ಲ. ನನ್ನ ಶಾಲೇ ಅವಳ ಹಾಸಿಗೆ. ಡ್ಯೂಟಿಯಿಂದ ಬಂದು ಮೆಟ್ಟಿಲು ಹತ್ತುವ ಮೊದಲೇ ನನ್ನ ಚಪ್ಪಲಿಯ ಸಪ್ಪಳಕ್ಕೆ ಮೇಲಿಂದ ಒದರುತ್ತಿದ್ದಳು. ನಾನು ಬಟ್ಟೆ ಒಣಹಾಕಿದರೆ ಕೆಳಗೆ ನಿಂತು ಸೆರಗು ಜಗ್ಗುತ್ತಿದ್ದಳು. ಗಂಡ ಬಂದಾಗ ನೋಡಿ, "ಹಡದವರಿಗೆ ಹೆಗ್ಗಣ ಮುದ್ದು ಅಂತಾರ. ನಿಂದು ಹಡೀದನ ಮುದ್ದು" ಎಂದರು. ಅಂದಿನಿಂದ ಅವಳ ಹೆಸರೇ 'ಸಿಸ್ಟರ್ ಮಗಳು' ಎಂದಾಯಿತು.

ಹಾಲು ಬಿಟ್ಟು ಮೇವು ತಿನ್ನತೊಡಗಿದ ಮೇಲೆ ಘೋಣಸಗಿಗೆ ಕಳಿಸಲೇಬೇಕಾಯಿತು. ಅಲ್ಲಿಗೆ ಹೋದ ಮೇಲೆ ನನಗೆ ಕಂಡದ್ದು ಬೇರೆ. ಕುರಿಗಳೆಲ್ಲ ಒತ್ತೊತ್ತಾಗಿ ತಲೆ ಬಗ್ಗಿಸಿ ಮೇಯುತ್ತಿದ್ದರೆ ಇವಳು ಒಬ್ಬಳೇ ಗೇಟಿನ ಹತ್ತಿರ ರಸ್ತೆ ನೋಡುತ್ತ ನಿಂತಿರುತ್ತಿದ್ದಳು. ಕುರಿಗಳನ್ನು ಕಂಡರೆ ಹೆದರುತ್ತಿದ್ದಳು. ಹೆತ್ತ ತಾಯಿ ಪಕ್ಕದಲ್ಲೇ ಹಾಯ್ದುಹೋಗುತ್ತಿತ್ತು, ಇವಳತ್ತ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ, ಇವಳೂ ನೋಡುತ್ತಿರಲಿಲ್ಲ. ನಾನು ಬೈಕಿನಿಂದ ಇಳಿದರೆ ಮಾತ್ರ ಓಡಿಬಂದು ತಲೆಯನ್ನು ನನ್ನ ಮಡಿಲಿಗೆ ತೂರಿಸುತ್ತಿದ್ದಳು. ಮೊದಮೊದಲು ಅದು ಹೆಮ್ಮೆಯ ವಿಷಯವಾಗಿತ್ತು. ಬರಬರುತ್ತ ಆ ಗೇಟು ದೂರದಿಂದ ಕಾಣುತ್ತಲೇ ನಾನು ಮುಖ ಹೊರಳಿಸಿ ದ್ರಾಕ್ಷಿ ತೋಟ ನೋಡತೊಡಗಿದೆ.

ಮುಂದಿನ ವರ್ಷ ಅವಳು ಗಬ್ಬವಾದಳು. ಒಂದು ಸಂಜೆ ಗಂಡ ಊಟಕ್ಕೆ ಕೂತಾಗ ಮಾತು ತೆಗೆದರು. "ನೋಡು, ಮೊದಲ ಹೇಳತೇನಿ. ಇಕಿಗೆ ತಾನು ಕುರಿ ಅನ್ನೂದ ಗೊತ್ತಿಲ್ಲ. ಮರಿಗೆ ಹಾಲ ಕೊಡಲಿಲ್ಲ ಅಂದ್ರ ಇಟ್ಟಕೊಂಡು ಏನ ಮಾಡೂದು? ಸಂತಿಗೆ ಹೊಡಕೊಂಡು ಹೋಗತೇನಿ. ಆವಾಗ ನೀ ಅಳಬ್ಯಾಡ."

ಸಂತೆಗೆ ಹೋದ ಬಂಜೆ ಕುರಿ, ಮರಿ ಒಲ್ಲದ ಕುರಿ ಎಲ್ಲಿಗೆ ಹೋಗುತ್ತದೆ ಎಂದು ಅತ್ತೆಯೂ ಕೇಳಲಿಲ್ಲ. ನಾನು ರೊಟ್ಟಿ ಮುರಿಯುತ್ತ ಕೂತೆ. ಗಂಡನ ಮೇಲೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು. ತಾಯಿತನ ಕಲಿಸುವವಳಿಂದ ಅವಳನ್ನು ಕಿತ್ತುಕೊಂಡವಳು ನಾನು, ಈಗ ತಾಯಿತನ ಬರದಿದ್ದರೆ ತಲೆ ಕೊಡುವವಳು ಅವಳು. ಆ ರಾತ್ರಿಯಿಂದ ಅವಳು ಹೆರುವವರೆಗೂ ವಾರ್ಡಿನಲ್ಲಿ ಯಾವ ಅತ್ತೆಗೂ ನಾನು ದನಿ ಏರಿಸಲಿಲ್ಲ. ಜೊತೆಯವರು "ಆರಾಮ ಅದೀರೇನ್ರಿ ಸಿಸ್ಟರ್?" ಎಂದು ಕೇಳಿದರು.

ಅವಳು ಈದದ್ದು ನಡುಹಗಲಿನಲ್ಲಿ, ನಾನು ಅಲ್ಲೇ ಇದ್ದಾಗ. ನನ್ನ ರಜೆಗಳನ್ನೆಲ್ಲ ಕೂಡಿಹಾಕಿ ಆ ದಿನಗಳಿಗೆಂದೇ ಇಟ್ಟುಕೊಂಡಿದ್ದೆ. ಕೈ ಹಚ್ಚಬಾರದು ಎಂದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಮರಿ ನೆಲಕ್ಕೆ ಬಿತ್ತು, ಕೆಮ್ಮಿತು, ತಲೆಯೆತ್ತಿತು. ಅವಳು ಎದ್ದಳು. ಹಿಂದೆ ಏನಿದೆ ಎಂದು ಹೊರಳಿಯೂ ನೋಡದೆ ನೇರ ನನ್ನ ಕಡೆ ನಡೆದುಬಂದು, ತಲೆಯನ್ನು ನನ್ನ ಮಡಿಲಿಗೆ ಇಟ್ಟಳು.

"ಹೋಗು ಬೇ, ನಿನ್ನ ಮರಿ ಅದು, ನೋಡು" ಎಂದು ತಳ್ಳಿದೆ. ಮತ್ತೆ ಬಂದಳು. ಮತ್ತೆ ತಳ್ಳಿದೆ. ಹಿಂದೆ ಮರಿ ಒದ್ದೆಯಾಗಿ ನಡುಗುತ್ತಿತ್ತು. ಗಂಡ ಗೇಟಿನ ಹತ್ತಿರ ನಿಂತು ನೋಡುತ್ತಿದ್ದರು.

ಅತ್ತೆ ಒಳಗೆ ಬಂದರು. "ನೀ ಇಲ್ಲಿದ್ರ ಆಗೂದಿಲ್ಲ. ಶಾಲ ಕೊಟ್ಟು ಹೊರಗ ಹೋಗು."

"ಶಾಲ ಯಾಕ್ರಿ?"

"ಆಕಿಗೆ ನಿನ್ನ ವಾಸನಿ ಅಂದ್ರ ತಾಯಿ. ಮರಿಗೂ ಅದನ್ನ ಹಚ್ಚಿ ನೋಡೂಣು. ಆದ್ರ ಆತು, ಇಲ್ಲಾಂದ್ರ ಇಲ್ಲ. ನಡಿ."

ಹೆಗಲ ಮೇಲಿದ್ದ ಶಾಲು ಕೊಟ್ಟು ಹೊರಬಿದ್ದೆ. ಪಕ್ಕದ ತೋಟದವರು ದ್ರಾಕ್ಷಿ ಒಣಗಿಸುವ ಶೆಡ್ಡಿನ ಹಿಂದೆ ಹೋಗಿ ಕಲ್ಲಿನ ಮೇಲೆ ಕೂತೆ. ಅವಳು ಕರೆಯತೊಡಗಿದಳು. ಮರಿಯನ್ನಲ್ಲ, ನನ್ನನ್ನು. ಮಾಳಿಗೆಯ ಮೇಲಿಂದ ಕರೆಯುತ್ತಿದ್ದ ಅದೇ ಒದರು. ಅದಕ್ಕೆ ನಾನು ಓಗೊಡದೆ ಇದ್ದದ್ದು ಅದೇ ಮೊದಲು. ಬಾಯಿಗೆ ಸೆರಗು ತುರುಕಿಕೊಂಡು ಕೂತೆ. ಹಿಂದೆ ಅವಳ ತಾಯಿ ಒದ್ದೆ ನೆಲವನ್ನು ಮೂಸುತ್ತ ಕರೆಯುತ್ತಿದ್ದದ್ದೂ ಹೀಗೆಯೇ, ಅವತ್ತು ಅದಕ್ಕೂ ಕರೆದ ಮರಿ ಸಿಗಲಿಲ್ಲ ಎಂಬುದು ನೆನಪಾಗಿ ಅತ್ತುಬಿಟ್ಟೆ.

ಎಷ್ಟೋ ಹೊತ್ತಿನ ಮೇಲೆ ಒದರು ನಿಂತಿತು. ಅವಳಿಗೆ ಸಾಕಾಯಿತೇನೋ ಅಂದುಕೊಂಡೆ. ಆಮೇಲೆ ಕಿವಿಗೊಟ್ಟರೆ ಗಂಟಲೊಳಗಿನ ಗುರುಗುಟ್ಟುವ ದನಿ ಕೇಳಿಸಿತು. ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ, ಹುಟ್ಟಿದಾಗ ಒಂದಿಷ್ಟು ಹೊತ್ತು ಕೇಳಿದ್ದಳು ಅಷ್ಟೇ. ಅತ್ತೆ ಶೆಡ್ಡಿನ ಹಿಂದೆ ಬಂದು ಪಿಸುಮಾತಿನಲ್ಲಿ, "ನೆಕ್ಕಾಕತ್ತಾಳ" ಎಂದರು. "ಎದ್ದು ಬರಬ್ಯಾಡ ಮತ್ತ. ಹಂಗ ರಸ್ತಾ ಹಿಡದು ಊರಿಗೆ ನಡಿ."

ನೋಡದೆಯೇ ಬಂದೆ. ಅಣ್ಣ ಫೋನಿನಲ್ಲಿ ಅದನ್ನೇ ಹೇಳಿದ. "ಮಾರಿ ತೋರಸಬ್ಯಾಡ. ನಿನ್ನ ಕಂಡ್ರ ಮರಿ ಬಿಟ್ಟ ಓಡಿಬರತಾಳ." ರಜೆ ಇನ್ನೂ ಉಳಿದಿತ್ತು. ಪೇಟೆಯ ಮನೆಯಲ್ಲಿ ಕೂತು, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಅತ್ತೆ ದಿನಾ ಫೋನ್ ಮಾಡಿ ಮರಿ ಕುಡಿಯಿತು, ಮರಿ ಜಿಗಿಯಿತು ಎನ್ನುತ್ತಿದ್ದರು. ಅವಳು ಗೇಟಿನ ಹತ್ತಿರ ನಿಲ್ಲುತ್ತಾಳೋ ಎಂದು ಕೇಳಬೇಕೆನ್ನಿಸುತ್ತಿತ್ತು, ಕೇಳುತ್ತಿರಲಿಲ್ಲ. ನಿಲ್ಲುತ್ತಾಳೆ ಎಂದರೂ ಸಂಕಟ, ಇಲ್ಲ ಎಂದರೂ ಸಂಕಟ.

ಕೊನೆಗೆ ಗಂಡನೇ ಬಾ ಎಂದರು. ಹೋದೆ. ಗೇಟಿನ ಹತ್ತಿರ ಯಾರೂ ಇರಲಿಲ್ಲ, ಅದನ್ನು ತೆರೆದು ಅಲ್ಲೇ ನಿಂತೆ. ಅವಳು ಬೇವಿನ ನೆರಳಿನಲ್ಲಿ ಉಳಿದ ಕುರಿಗಳ ನಡುವೆ ಇದ್ದಳು, ಮರಿ ಹೊಟ್ಟೆಯ ಕೆಳಗೆ ಬಾಲ ಅಲ್ಲಾಡಿಸುತ್ತ ಹಾಲು ಕುಡಿಯುತ್ತಿತ್ತು. ನನ್ನನ್ನು ಕಂಡು ತಲೆಯೆತ್ತಿದಳು. ಓಡಿಬರುತ್ತಾಳೆ ಎಂದು ಹೆದರಿದೆ. ಬರಲಿಲ್ಲ. ಮರಿ ನನ್ನನ್ನು ಕಂಡು ಕುತೂಹಲಕ್ಕೆ ಎರಡು ಹೆಜ್ಜೆ ಮುಂದೆ ಬಂತು. ಅಭ್ಯಾಸಬಲ, ನನ್ನ ಕೈ ಚಾಚಿಕೊಂಡಿತು.

ಅವಳು ಮರಿಯನ್ನು ದಾಟಿ ಮುಂದೆ ಬಂದು, ನನಗೂ ಅದಕ್ಕೂ ನಡುವೆ ನಿಂತಳು. ಮುಂಗಾಲೆತ್ತಿ ನೆಲಕ್ಕೆ ಒಮ್ಮೆ ಬಡಿದಳು. ಮತ್ತೊಮ್ಮೆ ಬಡಿದಳು.

ಅದರ ಅರ್ಥ ಈ ಸಲ ನನಗೆ ಗೊತ್ತಿತ್ತು. ಕೈ ಹಿಂದೆ ತೆಗೆದುಕೊಂಡೆ. ಅವಳ ತಾಯಿ ಆಚೆ ಗೋದಲಿಯ ಹತ್ತಿರ ಹೊಟ್ಟು ತಿನ್ನುತ್ತಿತ್ತು, ತಲೆಯೆತ್ತಲಿಲ್ಲ. "ಒಳಗ ಬಾ, ಯಾಕ ಅಲ್ಲೇ ನಿಂತಿ?" ಎಂದು ಅತ್ತೆ ಕರೆದರು. ನಾನು ಗೇಟು ಹಾಕಿಕೊಂಡು ಹೊರಗೇ ನಿಂತೆ.