ಕಾಕುವಿನ ಕಂಪ್ಯೂಟರ್

ಮೌಸ್ ಹಿಡಿಯುವ ಮುಂಚೆ ಕಾಕು ಬಲಗೈಯನ್ನು ಸೆರಗಿಗೆ ತಿಕ್ಕಿ ಒರೆಸಿಕೊಳ್ಳುತ್ತಿದ್ದರು. ಆದರೂ ಆ ಕಪ್ಪು ಮೌಸಿನ ಬೆನ್ನ ಮೇಲೆ ಜೋಳದ ಹಿಟ್ಟಿನ ಬೆರಳಚ್ಚು ಇದ್ದೇ ಇರುತ್ತಿತ್ತು. ಮುಂಜಾನೆ ಹಣೆಗೆ ಹಚ್ಚಿಕೊಂಡು ಬೆರಳಲ್ಲಿ ಉಳಿದ ವಿಭೂತಿ ಕಂಪ್ಯೂಟರಿನ ಡಬ್ಬಿಗೆ. ಇದ್ಯಾಕ್ರಿ ಅಂದರೆ, ಅದೂ ಮನೆಯಲ್ಲೇ ದುಡಿಯುತ್ತದಲ್ಲ ಅನ್ನುತ್ತಿದ್ದರು.

ಆಳಂದದಲ್ಲಿ ನಮ್ಮ ಪಕ್ಕದ ಮನೆಯೇ ಅವರದು. ರಕ್ತಸಂಬಂಧವೇನಿಲ್ಲ, ಓಣಿಗೆಲ್ಲ ಅವರು ಕಾಕು, ಅಂದರೆ ಚಿಕ್ಕಮ್ಮ. ನಾನಾಗ ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಹೊಸದಾಗಿ ತೆರೆದಿದ್ದೆ. ಹಳೆಯ ಯಂತ್ರಗಳನ್ನು ಗುಜರಿಗೆ ಹಾಕಬೇಡಿ, ವಿಂಡೋಸ್ ಬದಲು ಲಿನಕ್ಸ್ ಹಾಕಿಸಿಕೊಳ್ಳಿ, ಪುಕ್ಕಟೆ, ಹಗುರ, ಕನ್ನಡದಲ್ಲೂ ಇದೆ ಎಂದು ಬಂದವರಿಗೆಲ್ಲ ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿತ್ತು. ಪುಕ್ಕಟೆ ಅಂದಮೇಲೆ ಡೂಪ್ಲಿಕೇಟೇ ಇರಬೇಕು ಎಂದು ಕೆಲವರು, ಅದೆಲ್ಲ ಇಂಜಿನಿಯರುಗಳಿಗೆ ಎಂದು ಕೆಲವರು. ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕಾಕುವಿಗೆ ಅವರ ತಮ್ಮ ಹಳೆಯದೊಂದು ಕಂಪ್ಯೂಟರ್ ಕೊಟ್ಟುಹೋಗಿದ್ದರು. ಹೊಸ ವಿಂಡೋಸ್ ಎಳೆಯುವ ತಾಕತ್ತು ಅದಕ್ಕಿರಲಿಲ್ಲ. ಕಾಕುವಿಗೆ ಬೇಕಾದದ್ದಾದರೂ ಏನು? ಹಿರೋಳ್ಳಿಯಲ್ಲಿದ್ದ ಅವರ ಅಕ್ಕ ಜೋಗುಳ, ಬೀಸುವ ಪದ ಬಹಳ ಚೆನ್ನಾಗಿ ಹಾಡುತ್ತಿದ್ದರು. ಅಕ್ಕನಿಗೆ ಎಂಬತ್ತು ದಾಟಿತ್ತು. ಆ ದನಿ ಹೋಗುವ ಮುಂಚೆ ಅದನ್ನು ತುಂಬಿಟ್ಟುಕೊಳ್ಳಬೇಕು, ಅಷ್ಟೇ. ಲಿನಕ್ಸ್ ಹಾಕಲೇ ಎಂದು ನಾನು ಅಳುಕುತ್ತಲೇ ಕೇಳಿದೆ.

"ಹಾಕೋ ತಮ್ಮಾ. ನನಗ ಮೊದಲಿಂದು ಯಾವುದೂ ಬರಂಗಿಲ್ಲ. ಮರೀಬೇಕನ್ನೂ ತ್ರಾಸ ಇಲ್ಲ."

ನಿಜವಾಗಿಯೂ ತ್ರಾಸಾಗಲಿಲ್ಲ. ಕನ್ನಡದಲ್ಲಿ ಬರೆದದ್ದನ್ನು ಓದುವುದು, ಒತ್ತುವುದು. ಒಂದೇ ವಾರದಲ್ಲಿ ಕಾಕು ನನ್ನನ್ನು ಕರೆಯುವುದನ್ನೇ ಬಿಟ್ಟರು. ಒಂದು ರೂಢಿಯನ್ನು ಮಾತ್ರ ತಾವೇ ಮಾಡಿಕೊಂಡಿದ್ದರು. ದೀಪ ಹಚ್ಚಿದ ಮೇಲೆ ಮನೆಯ ಕಸ ಹೊರಗೆ ಹಾಕಬಾರದಲ್ಲ, ಹಾಗಾಗಿ ಸಂಜೆ ದೀಪಕ್ಕೆ ಮುಂಚೆ, ಅಳಿಸಿದ್ದೆಲ್ಲ ಹೋಗಿ ಬೀಳುವ ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡುತ್ತಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಆ ನಗು ಬಹಳ ದಿನ ಉಳಿಯಲಿಲ್ಲ. ಅಕ್ಕ ಬಂದು ಹಾಡಿಹೋದ ಮೇಲೆ ಕಾಕು ಒಂದು ಮಧ್ಯಾಹ್ನ ರೆಕಾರ್ಡಿಂಗುಗಳನ್ನು ಜೋಳ ಹಸನು ಮಾಡಿದಂತೆ ಹಸನು ಮಾಡಲು ಕೂತರು. ಗುರುತು ತಪ್ಪಿ, ಬರೀ ಖರಖರ ಸದ್ದಿದ್ದವನ್ನು ಇಟ್ಟುಕೊಂಡು ಹಾಡುಗಳನ್ನೇ ಬುಟ್ಟಿಗೆ ಹಾಕಿಬಿಟ್ಟರು. ಸಂಜೆಯಾಯಿತು, ಬುಟ್ಟಿ ಖಾಲಿಯಾಯಿತು. ಮರುದಿನ ನಾನು ಎಷ್ಟು ಹುಡುಕಿದರೂ ಒಂದೂ ಸಿಗಲಿಲ್ಲ. ನನ್ನ ಲಿನಕ್ಸಿನ ಕಥೆ ಇಲ್ಲಿಗೆ ಮುಗಿಯಿತು, ಇನ್ನು ಓಣಿಯಲ್ಲಿ ತಲೆ ಎತ್ತುವಂತಿಲ್ಲ ಅಂದುಕೊಂಡೆ.

"ಮಾರಿ ಯಾಕ ಸಣ್ಣ ಮಾಡ್ಕೊಂಡಿಯೋ? ಅಕ್ಕ ಇನ್ನಾ ಅದಾಳ. ಅದಿರ್ಲಿ, ಕಸದ ಬುಟ್ಟಿ ಕಣ್ಮುಂದ ಯಾಕ ಇರ್ಬೇಕು? ಹಿತ್ತಲಕ ಸರಿಸಾಕ ಬರ್ತದೇನು, ಕಂಪನಿಯವ್ರನ್ನ ಕೇಳಬೇಕೇನು?"

"ಯಾರನ್ನೂ ಕೇಳೂದು ಬ್ಯಾಡ್ರಿ ಕಾಕೂ. ಹೆಂಗ ಬೇಕಾದ್ರೂ ಮಾಡ್ಕೋಬಹುದು."

"ಹಂಗಾದ್ರ ಇದು ಬಾಡಿಗಿ ಮನಿ ಅಲ್ಲ, ಸ್ವಂತದ್ದು."

ನಾನು ಊರಿಗೆಲ್ಲ ತಿಂಗಳುಗಟ್ಟಲೆ ವಿವರಿಸಲು ಒದ್ದಾಡಿದ್ದನ್ನು ಅವರು ಹೀಗೆ ಹೇಳಿಬಿಟ್ಟರು. ಬುಟ್ಟಿಯನ್ನು ಪರದೆಯಿಂದ ತೆಗೆದು ಒಳಗೆಲ್ಲೋ ಇಟ್ಟೆ. ಕಾಕು ಬಸ್ ಹತ್ತಿ ಹಿರೋಳ್ಳಿಗೆ ಹೋಗಿ ಅಕ್ಕನನ್ನು ಕರೆತಂದು ಮತ್ತೆ ಕೂರಿಸಿದರು. ಈ ಸಲ ಅಕ್ಕನಿಗೆ ಮರೆತೇ ಹೋಗಿದ್ದ ಪದಗಳೂ ನೆನಪಾದವಂತೆ. ಕೇಳಲು ಬಂದ ಓಣಿಯವರು ಪರದೆಯನ್ನೂ ನೋಡಿದರು. ಕಾಕುವಿಗೆ ಬರುವುದು ನಮಗ್ಯಾಕೆ ಬರುವುದಿಲ್ಲ ಎಂದು ಒಬ್ಬೊಬ್ಬರೇ ತಮ್ಮ ಹಳೆಯ ಡಬ್ಬಿ ಹೊತ್ತು ಅಂಗಡಿಗೆ ಬಂದರು. ಸುತ್ತಲಿನ ಖಜೂರಿ, ಸರಸಂಬಾ ಊರುಗಳಿಂದಲೂ ಬಂದರು. ನನ್ನ ಅಂಗಡಿ ನಿಂತದ್ದು ಆ ಪುಣ್ಯಾತ್ಗಿತ್ತಿಯಿಂದ.

ಅಕ್ಕನ ದನಿ ಉಳಿಯಲಿ ಎಂದು ಅಷ್ಟೆಲ್ಲ ಮಾಡಿದ ಕಾಕು ಅಕ್ಕನಿಗಿಂತ ಮುಂಚೆ ಹೋಗಿಬಿಟ್ಟರು. ಹೋದ ವರ್ಷ, ನಿದ್ದೆಯಲ್ಲೇ.

ಮಣ್ಣು ಮಾಡುವ ದಿನ ಬಂದಿದ್ದ ಅಕ್ಕ ಮರುದಿನ ನನ್ನನ್ನು ಕರೆಸಿ, ಆ ಹಾಡು ಹಚ್ಚು ಅಂದರು. ಹಚ್ಚಿದೆ. ಹಾಡಿಗೂ ಮುಂಚೆ ಕಾಕುವಿನ ದನಿ ಬಂತು: "ಅವಸರ ಮಾಡಬ್ಯಾಡ ಅಕ್ಕಾ. ನೀರು ಕುಡಿ. ಹಾಂ, ಈಗ ಹಾಡು."

ಜೋಗುಳ ಶುರುವಾಗುತ್ತಲೇ ಅಕ್ಕ ನನ್ನ ಕೈ ಹಿಡಿದರು.

"ನಂದು ಬಿಡಪ್ಪಾ. ತಂಗೀದು ಹಚ್ಚು."

ಹಿಂದಕ್ಕೆ ಸರಿಸಿ ಮತ್ತೆ ಹಚ್ಚಿದೆ. ಅಕ್ಕ ಪಕ್ಕದಲ್ಲಿದ್ದ ತಂಬಿಗೆ ಎತ್ತಿ ಒಂದು ಗುಟುಕು ನೀರು ಕುಡಿದರು.