ಬಣ್ಣದ ಮಕ್ಬೂಲ್ ಸಾಬರು ಓದಿದ ಆಕಾಶದ ಚಿತ್ರ

ಮಕ್ಬೂಲ್ ಸಾಬರ ಕೈಗಳು ಒಬ್ಬರವೇ ಎಂದು ಮೊದಲ ಸಲ ನೋಡಿದವರಿಗೆ ನಂಬಿಕೆಯಾಗುತ್ತಿರಲಿಲ್ಲ. ಬಲಗೈ ಮೊಣಕೈವರೆಗೆ ಕೆಂಪು, ಎಡಗೈ ನೀಲಿ. ಕೆಂಪಿನ ಹಂಡೆಗೆ ಬಲಗೈ, ನೀಲಿಯ ಹಂಡೆಗೆ ಎಡಗೈ ಎಂದು ಯಾವುದೋ ಕಾಲದಲ್ಲಿ ಗೊತ್ತುಮಾಡಿಕೊಂಡದ್ದನ್ನು ಅವರು ಒಂದು ದಿನವೂ ತಪ್ಪಿಸಿರಲಿಲ್ಲ. ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಮೂವತ್ತು ವರ್ಷ ಬಣ್ಣದ ಮೇಸ್ತ್ರಿಯಾಗಿದ್ದವರು. ನಿವೃತ್ತರಾದ ಮೇಲೆ ಆನೆಕೊಂಡದ ಮನೆಯ ಹಿತ್ತಲಲ್ಲಿ ನಾಲ್ಕು ಹಂಡೆ ಹೂಡಿಕೊಂಡು, ನೂಲಿಗೆ, ಸೀರೆಗೆ, ರುಮಾಲಿಗೆ ಬಣ್ಣ ಹಾಕಿಕೊಡುತ್ತಿದ್ದರು.

ಅವರ ಎದುರು ಮನೆಯಲ್ಲಿ ನಾನೂ ನನ್ನ ತಾಯಿಯೂ ಬಾಡಿಗೆಗಿದ್ದೆವು. ಕೃಷಿ ಇಲಾಖೆಯಲ್ಲಿ ನಾನು ಅಂಕಿಅಂಶ ಸಹಾಯಕಿ. ಹಳ್ಳಿಗಳಿಗೆ ಹೋಗಿ, ಹೊಲದಲ್ಲಿ ಇಷ್ಟು ಜಾಗ ಎಂದು ಅಳೆದು, ಅಲ್ಲಿನ ಬೆಳೆ ಕೊಯ್ಸಿ, ತೂಗಿ, ಬರೆದುಕೊಂಡು ಬರುವ ಕೆಲಸ. ಸಂಜೆ ಬಂದರೆ ಸಾಬರು ಹಿತ್ತಲಿನಿಂದಲೇ ಕೇಳುತ್ತಿದ್ದರು, "ಇವತ್ತು ಯಾವ ಕಡಿಗೆ ಹೋಗಿದ್ದೆ ಬೇಟಿ? ಅಲ್ಲಿ ಜ್ವಾಳ ಯಾವ ಬಣ್ಣಕ್ಕೆ ಬಂದೈತೆ?" ಎಷ್ಟು ಬೆಳೆದಿದೆ ಎಂದು ಅವರು ಕೇಳಿದ್ದೇ ಇಲ್ಲ.

ಒಮ್ಮೆ ನನ್ನ ತಾಯಿಯ ಹಳೆಯ ಇಳಕಲ್ ಸೀರೆಯ ಸೆರಗಿಗೆ ಕಿಡಿ ಬಿದ್ದು ತೂತಾಯಿತು. ಅದೇ ಕೆಂಪಿನ ತುಂಡು ಬೇಕೆಂದು ಸಾಬರ ಹತ್ತಿರ ಒಯ್ದೆ. ಅವರು ಸೆರಗನ್ನು ಬಾಗಿಲಿಗೆ ತಂದು, ಬೆಳಕಿಗೆ ಒಡ್ಡಿ, ಬಹಳ ಹೊತ್ತು ನೋಡಿದರು.

"ಇದು ಕೆಂಪು ಅಲ್ಲ ಬೇಟಿ, ಇಪ್ಪತ್ತು ವರ್ಷ ಒಗೆದ ಕೆಂಪು. ಇದಕ್ಕೆ ನಾನು ಇವತ್ತಿನ ಕೆಂಪು ಹಚ್ಚಿದ್ರೆ ನಿಮ್ಮವ್ವ ಬೈತಾರೆ."

ತುಂಡಿಗೆ ಬಣ್ಣ ಹಾಕಿದರು, ಒಗೆದರು, ಬಿಸಿಲಿಗೆ ಹಾಕಿದರು, ಮತ್ತೆ ಒಗೆದರು. ಹೀಗೆ ಹತ್ತು ದಿನ. ಕೊನೆಗೆ ತೇಪೆ ಹಾಕಿದ ಜಾಗವನ್ನು ನನ್ನ ತಾಯಿ ಬೆರಳಿನಿಂದ ತಡವಿ ಹುಡುಕಬೇಕಾಯಿತು. ಕಣ್ಣಿಗೆ ಅದು ಸಿಗಲೇ ಇಲ್ಲ.

ಎಂಬತ್ತರ ದಶಕದ ನಡುವೆ ಮಳೆ ಸಾಲುಸಾಲಾಗಿ ಕೈಕೊಟ್ಟ ವರ್ಷಗಳಲ್ಲಿ ನಮ್ಮ ಕಚೇರಿಗೆ ಬೆಂಗಳೂರಿನಿಂದ ಒಬ್ಬ ವಿಜ್ಞಾನಿ ಬಂದರು. ಹೆಸರು ರಾಘವೇಂದ್ರ. ಜೊತೆಗೆ ಎರಡು ದೊಡ್ಡ ಚಿತ್ರಗಳನ್ನು ಕೊಳವೆಯಲ್ಲಿ ಸುತ್ತಿಕೊಂಡು ತಂದಿದ್ದರು. ಉಪಗ್ರಹ ತೆಗೆದ ಚಿತ್ರಗಳು. ಒಂದು, ಮಳೆ ಚೆನ್ನಾಗಿದ್ದ ವರ್ಷದ್ದು. ಇನ್ನೊಂದು ಆ ವರ್ಷದ್ದು. ನಮ್ಮ ದಾವಣಗೆರೆ, ಹರಿಹರ ಆಗ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದವು. ಆ ಎರಡು ತಾಲೂಕುಗಳೂ ಮೇಜಿನ ಮೇಲೆ ಚಾಪೆಯಂತೆ ಹಾಸಿ ಬಿದ್ದಾಗ ನಾವೆಲ್ಲ ಸುತ್ತಲೂ ಮುತ್ತಿಕೊಂಡೆವು. ತುಂಗಭದ್ರೆ ಒಂದು ಕಪ್ಪು ದಾರ. ಹರಿಹರ ಆ ದಾರಕ್ಕೆ ಅಂಟಿದ ಬೂದಿ ಚುಕ್ಕೆ. ನಾನು ವರ್ಷಗಟ್ಟಲೆ ನಡೆದು ಸವೆಸಿದ ನೆಲವೆಲ್ಲ ಎರಡು ಗೇಣಿನೊಳಗೆ ಇತ್ತು.

"ಈ ಚಿತ್ರದಲ್ಲಿ ಹಸಿರು ಗಿಡ ಕೆಂಪಾಗಿ ಕಾಣುತ್ತೆ. ಕೆಂಪು ಇದ್ದಲ್ಲಿ ಬೆಳೆ ಇದೆ ಅಂತ ತಿಳ್ಕೊಳ್ಳಿ" ಎಂದರು ರಾಘವೇಂದ್ರ.

ನಮ್ಮ ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ನಮ್ಮ ತಾಲೂಕು ಪೂರ್ತಿ ಕೆಂಪಾಗಿದೆಯಲ್ಲ! ಹಾಗಾದ್ರೆ ನಮಗೆ ತೊಂದರೆ ಇಲ್ಲ ಅಂತ ರಿಪೋರ್ಟ್ ಹಾಕಿಬಿಡೋಣ."

ಭದ್ರಾ ಕಾಲುವೆಯ ಕೆಳಗಿನ ಭತ್ತದ ಗದ್ದೆಗಳು ಹೇಗೋ ಹಸಿರಾಗಿದ್ದವು, ನಿಜ. ಆದರೆ ಕಾಲುವೆ ಹತ್ತದ ಮೇಲಿನ ಹಳ್ಳಿಗಳಲ್ಲಿ ಮೊಣಕಾಲೆತ್ತರದ ಜೋಳ ತೆನೆ ಹಾಕುವ ಮೊದಲೇ ಒಣಗಿ ನಿಂತದ್ದನ್ನು ನಾನೇ ಕಂಡು ಬಂದಿದ್ದೆ. ವಾರದೊಳಗೆ ವರದಿ ಹೋಗಬೇಕಿತ್ತು. ಬರದ ಪಟ್ಟಿಯಲ್ಲಿ ಹೆಸರು ಬಂದ ಊರಿಗೆ ಸರ್ಕಾರದ ಕಾಳು, ಮಕ್ಕಳಿಗೆ ಗಂಜಿ ಕೇಂದ್ರ. ಬಾರದ ಊರಿಗೆ ಏನೂ ಇಲ್ಲ. ಇದನ್ನೆಲ್ಲ ನಾನು ಹೇಳಿದೆ. ಅಧಿಕಾರಿ ಚಿತ್ರದ ಮೇಲೆ ಬೆರಳಿಟ್ಟರು. ನಾನು ಒಣಗಿದ ಜೋಳ ಕಂಡ ಊರಿನ ಸುತ್ತಲೂ ಅಲ್ಲಿ ಕೆಂಪೇ ಇತ್ತು.

"ನೀವು ಒಂದು ಹೊಲ ನೋಡಿರ್ತೀರಿ. ಇದು ಎಲ್ಲಾ ಹೊಲ ನೋಡಿದೆ" ಎಂದರು.

ನನಗೆ ನೆನಪಾದದ್ದು ತಾಯಿಯ ಸೆರಗು. ಚಿತ್ರವನ್ನು ಸಾಬರಿಗೆ ಒಮ್ಮೆ ತೋರಿಸಬೇಕೆಂದು ರಾಘವೇಂದ್ರರನ್ನು ಕೇಳಿಕೊಂಡೆ. ಆ ಮನುಷ್ಯ ವಿಚಿತ್ರ ಎನ್ನುವಂತೆ ನನ್ನನ್ನು ನೋಡಿದರೂ, ಮರುದಿನ ಬೆಳಿಗ್ಗೆ ಚಿತ್ರದ ಕೊಳವೆ ಹಿಡಿದು ಆನೆಕೊಂಡಕ್ಕೆ ಬಂದರು.

ಸಾಬರು ಕೈ ತೊಳೆದು, ಒರೆಸಿಕೊಂಡು, ಒಗೆದ ಚಾದರ ಹಾಸಿ, ಅದರ ಮೇಲೆ ಚಿತ್ರ ಬಿಡಿಸಿಕೊಂಡರು. "ಯಾರು ಬರೆದಿದ್ದು?" ಎಂದರು.

"ಬರೆದದ್ದಲ್ಲ ಚಾಚಾ. ನೂರಾರು ಮೈಲಿ ಮೇಲೆ ಒಂದು ಯಂತ್ರ ಸುತ್ತುತ್ತೆ. ಅದು ತೆಗೆದಿದ್ದು. ಇದು ನಮ್ಮ ಊರು. ಇದು ಹೊಳೆ" ಎಂದೆ.

ಅವರ ಬೆರಳು ಚಿತ್ರವನ್ನು ಮುಟ್ಟದೆ, ಒಂದಂಗುಲ ಮೇಲೆಯೇ ಹೊಳೆಯ ಗುಂಟ ಸರಿಯಿತು. ಹರಿಹರದ ಹತ್ತಿರ ನಿಂತಿತು. ಅಲ್ಲಿ ಅವರ ಮಗಳ ಮನೆ. "ಯಾ ಅಲ್ಲಾ" ಎಂದರು, ಬಹಳ ಮೆಲ್ಲಗೆ. "ಮ್ಯಾಗಿಂದ ನೋಡೋನಿಗೆ ನಾವು ಹಿಂಗೆ ಕಾಣ್ತೀವಾ? ಇಷ್ಟೇ ಇಷ್ಟು?" ಅವರ ಕಣ್ಣು ತುಂಬಿತ್ತು. ರಾಘವೇಂದ್ರ ಅದನ್ನು ಕಂಡು ಕೈಕಟ್ಟಿ ನಿಂತುಬಿಟ್ಟರು. ದಿನಾ ಇಂಥ ಚಿತ್ರ ನೋಡುವ ತನಗೆ ಒಮ್ಮೆಯೂ ಹೀಗಾಗಿರಲಿಲ್ಲ ಎಂದು ಆಮೇಲೆ ನನ್ನ ಹತ್ತಿರ ಹೇಳಿದರು.

ಆಮೇಲೆ ಸಾಬರು ಕೆಲಸಕ್ಕೆ ಇಳಿದರು. ಎರಡೂ ಚಿತ್ರ ಪಕ್ಕಪಕ್ಕ ಇಟ್ಟು ಒಂದು ತಾಸು ನೋಡಿದರು. ಚಹಾ ಆರಿ ಕೆನೆಗಟ್ಟಿತು.

"ಬೇಟಿ, ಇದ್ರಾಗೆ ಮೂರು ಕೆಂಪು ಅದಾವೆ. ಕಾಲುವೆ ಗುಂಟ ಇರೋದು ನೀರು ಕುಡಿದ ಕೆಂಪು. ಒಂದೇ ಸಮ ಹತ್ತೈತೆ, ಭತ್ತ ಇರಬೇಕು. ಇಲ್ಲಿ ತೆಳ್ಳಗೆ, ಬಣ್ಣ ಹೋದಂಗೆ ಇರೋದು ನಿನ್ನ ಒಣಗಿದ ಜ್ವಾಳ. ಮೂರನೇದು ಐತಲ್ಲ, ಇದು ಬ್ಯಾರೆ. ಕಂದು ಕುಡಿದ ಕೆಂಪು. ಇದು ಬೆಳೆ ಅಲ್ಲ."

"ಹೇಗೆ ಹೇಳ್ತೀರಿ?" ರಾಘವೇಂದ್ರ ನೆಲದ ಮೇಲೆ ಕುಳಿತೇಬಿಟ್ಟರು.

"ಮಳೆ ಬಂದ ವರ್ಷದ್ದು ನೋಡ್ರಿ ಸಾರ್. ಅಲ್ಲೂ ಇದೇ ಬಣ್ಣ. ಮಳೆ ಇಲ್ಲದ ವರ್ಷದಾಗೂ ಇದೇ ಬಣ್ಣ. ಕೂದಲೆಳೆ ಫರಕ್ ಇಲ್ಲ. ಕಾಲುವೆ ನೀರಿಲ್ಲದ ಕಡಿಗೆ, ಮಳೆ ಬಂದ್ರೂ ಅಷ್ಟೇ ಬರದಿದ್ರೂ ಅಷ್ಟೇ ಇರೋ ಬೆಳೆ ಯಾವ್ದೈತೆ, ನೀವೇ ಹೇಳ್ರಿ."

ಆ ಮಧ್ಯಾಹ್ನವೇ ಮೂವರೂ ಇಲಾಖೆಯ ಜೀಪಿನಲ್ಲಿ ಹರಿಹರ ದಾಟಿ, ಅವರು ತೋರಿಸಿದ ಜಾಗಕ್ಕೆ ಹೋದೆವು. ಅದೊಂದು ಹಳೆಯ ಕೆರೆ. ಹನಿ ನೀರಿಲ್ಲ. ಅಂಗಳದ ತುಂಬ, ಏರಿಯಾಚೆಯ ಹಳ್ಳದ ಗುಂಟ, ಕಣ್ಣು ಹೋದಷ್ಟು ದೂರ ಬಳ್ಳಾರಿ ಜಾಲಿ. ದನ ಮೂಸಿ ನೋಡದ, ಯಾವ ಬರಕ್ಕೂ ಬಗ್ಗದ ಆ ಮುಳ್ಳುಗಿಡ ಹಚ್ಚಹಸಿರಾಗಿ ನಿಂತಿತ್ತು. ಆಕಾಶದಲ್ಲಿದ್ದ ಯಂತ್ರ ಕಂಡದ್ದು ಸುಳ್ಳಲ್ಲ. ಹಸಿರನ್ನೇ ಕಂಡಿತ್ತು. ಅದು ಉಣ್ಣುವ ಹಸಿರಲ್ಲ ಎಂಬುದನ್ನು ಹೇಳಲು ಮಾತ್ರ ಅದಕ್ಕೆ ಬಂದಿರಲಿಲ್ಲ.

ಕೆರೆಯ ಮೇಲಿನ ಊರಿನಲ್ಲಿ ಹಾಲವ್ವ ಎಂಬ ಮುದುಕಿ ನಮಗೆ ನೀರು ಕೊಟ್ಟಳು. ಬೆಲ್ಲ ಇಲ್ಲವೆಂದು ನಾಚಿಕೊಂಡಳು. ಒಳಗೆ ಕಾಳು ತುಂಬುವ ಮಣ್ಣಿನ ಗುಡಾಣ ಖಾಲಿಯಾಗಿ ಬೋರಲು ಬಿದ್ದಿತ್ತು.

"ಏನು ಉಣ್ತೀರವ್ವಾ?" ಎಂದು ಸಾಬರು ಕೇಳಿದರು.

"ಮುಂಜಾನೆ ಒಂದೀಟು ಅಂಬಲಿ ಐತ್ರಿ ಸಾಬ್ರೆ. ಸಂಜಿಕೆ ಎಲ್ಲಾರೂ ಮಾತಾಡಿಕೊಂತ ಮಲಗ್ತೀವಿ" ಎಂದಳು. ನಕ್ಕಳು ಕೂಡ.

ಸಾಬರು ನಗಲಿಲ್ಲ. ಮನೆ ಮುಟ್ಟಿದ ಮೇಲೆ ಹಂಡೆಗಳ ಕೆಳಗಿನ ಬೆಂಕಿ ಆರಿಸಿ, "ನಾಳಿಂದ ಬಣ್ಣದ ಕೆಲಸ ಬಂದ್. ಆ ಕಾಗದ ಇಲ್ಲೇ ಬಿಟ್ಟು ಹೋಗ್ರಿ ಸಾರ್" ಎಂದರು.

ಮೂರು ದಿನ ಅವರ ಪಡಸಾಲೆಯೇ ನಮ್ಮ ಕಚೇರಿ. ಚಿತ್ರದ ಮೇಲೆ ತೆಳು ಕಾಗದ ಹರಡಿ, ಅವರು ಹೇಳಿದಂತೆ ನಾನು ಗೆರೆ ಎಳೆಯುತ್ತಾ ಹೋದೆ. ಇದು ಭತ್ತ, ಇದು ಜಾಲಿ, ಇದು ಸತ್ತ ಜೋಳ. ಸಂಜೆ ಸಂಜೆ ಜೀಪಿನಲ್ಲಿ ಹೋಗಿ ರಾಘವೇಂದ್ರ ತಾಳೆ ನೋಡಿ ಬರುತ್ತಿದ್ದರು. ಹೋದಲ್ಲೆಲ್ಲ ಸಾಬರು ಹೇಳಿದ್ದೇ ಇತ್ತು. ಒಂದೇ ಒಂದು ಕಡೆ ತಪ್ಪಿತು. ಜಾಲಿ ಎಂದದ್ದು ಮಾವಿನ ತೋಪಾಗಿತ್ತು. ಅದನ್ನು ತಿಳಿಸಿದಾಗ ಅವರ ಮುಖ ಸಣ್ಣದಾಯಿತು. ಊಟದ ತಟ್ಟೆ ಸರಿಸಿದರು.

"ಹೋಗಲಿ ಬಿಡಿ ಚಾಚಾ, ಒಂದೇ ತಾನೆ. ಅದನ್ನು ಬಿಟ್ಟು ಬರೆಯೋಣ" ಎಂದೆ.

"ಬ್ಯಾಡ! ಬಿಡಬ್ಯಾಡ. ಮೊದಲು ಅದನ್ನೇ ಬರಿ. ಮಕ್ಬೂಲ್ ಇಲ್ಲಿ ತಪ್ಪು ನೋಡಿದ ಅಂತ ಬರಿ. ಉಳಿದಿದ್ದು ಆಮ್ಯಾಲೆ."

ಹಾಗೆಯೇ ಬರೆದೆವು. ವರದಿ ಕೊಟ್ಟಾಗ ನಮ್ಮ ಅಧಿಕಾರಿ ಕೆರಳಿದರು. "ಬಣ್ಣ ಹಾಕೋರ ಮಾತಿನ ಮೇಲೆ ಸರ್ಕಾರ ಕಾಳು ಕಳಿಸುತ್ತೇನ್ರಿ?" ಎಂದು ನನ್ನನ್ನು ನಿಲ್ಲಿಸಿಯೇ ಗದರಿದರು. ಆಮೇಲೆ ಹಾಳೆ ತಿರುವಿದರು. ಮೊದಲ ಪುಟದಲ್ಲೇ ತಪ್ಪಿನ ಒಪ್ಪಿಗೆ ಕಂಡರು. ಎರಡು ಸಲ ಓದಿದರು. "ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಇಂಥ ರಿಪೋರ್ಟ್ ನೋಡಿಲ್ಲ" ಎಂದು, ಪೆನ್ನು ತೆಗೆದು ಸಹಿ ಹಾಕಿದರು. ತಾಲೂಕು ಇಡಿಯಾಗಿ ಲೆಕ್ಕಕ್ಕೆ ಬರುವ ಬದಲು ಮೇಲಿನ ಹಳ್ಳಿಗಳು ಬೇರೆಯಾಗಿ ಪಟ್ಟಿಗೆ ಸೇರಿದವು. ತಿಂಗಳೊಳಗೆ ಹಾಲವ್ವನ ಊರಿನ ಶಾಲೆಯಲ್ಲಿ ಗಂಜಿ ಕುದಿಯಿತು. ಕಾಳಿನ ಲಾರಿ ಬಂತು. ವರದಿಯ ಅಚ್ಚಾದ ಪ್ರತಿಯಲ್ಲಿ ಸಾಬರ ಹೆಸರಿರಲಿಲ್ಲ. "ಸ್ಥಳೀಯ ನೆರವಿನಿಂದ" ಎಂದಷ್ಟೇ ಇತ್ತು. ನಾನು ಸಂಕಟಪಟ್ಟುಕೊಂಡರೆ ಅವರು, "ಸ್ಥಳೀಯ ಅಂದ್ರೆ ನಾನೇ ಅಲ್ಲೇನು?" ಎಂದು ಹಂಡೆಗೆ ಬೆಂಕಿ ಹಚ್ಚಿದರು.

ಮಳೆ ಮತ್ತೆ ಸರಿಯಾಗಿ ಬರಲು ಕಾಯಬೇಕಾಯಿತು. ಬಂದ ವರ್ಷ ನನಗೆ ರಾಯಚೂರಿಗೆ ವರ್ಗವಾಗಿತ್ತು. ಸಾಮಾನು ಕಟ್ಟುತ್ತಿದ್ದಾಗ ಸಾಬರು ಇಸ್ತ್ರಿಯ ಜುಬ್ಬಾ ತೊಟ್ಟು ಬಾಗಿಲಿಗೆ ಬಂದರು. "ಹೋಗೋಕ್ಕಿಂತ ಮುಂಚೆ ಆ ಹಾಲವ್ವನ ಊರಿಗೆ ಒಂದು ಸಲ ಕರ್ಕೊಂಡು ಹೋಗ್ತೀಯಾ ಬೇಟಿ? ಮ್ಯಾಗಿಂದ ನೋಡಿದ್ದಾತು."

ಹರಿಹರದವರೆಗೆ ಬಸ್ಸು, ಮುಂದೆ ಎತ್ತಿನ ಗಾಡಿ. ಜೋಳ ಹಾಲುತೆನೆಯಲ್ಲಿತ್ತು, ಆಳೆತ್ತರಕ್ಕಿಂತ ಒಂದು ಮೊಳ ಹೆಚ್ಚು. ಬದುವಿನ ಮೇಲೆ ಹಾಲವ್ವ ನಮ್ಮನ್ನು ಗುರುತಿಸಿ, ಸೆರಗು ಸರಿಮಾಡಿಕೊಂಡು ಓಡಿಬಂದಳು. ಸಾಬರು ಅವಳಿಗೆ ಸಲಾಂ ಹೇಳಿ, ಚಪ್ಪಲಿ ಕಳಚಿಟ್ಟು, ಯಾರನ್ನೂ ಕೇಳದೆ ಹೊಲದೊಳಗೆ ನಡೆದುಬಿಟ್ಟರು. ಹತ್ತು ಹೆಜ್ಜೆಗೆ ಟೋಪಿಯೂ ಕಾಣದಾಯಿತು. ಅವರು ಹೋದ ದಾರಿಯ ತೆನೆಗಳು ಅಲುಗುವುದು ಮಾತ್ರ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು.

"ಸಾಬ್ರು ಎಲ್ಲಿಗೆ ಹೋದ್ರವ್ವಾ?" ಎಂದು ಹಾಲವ್ವ ಗಾಬರಿಯಾದಳು. ನಾನು ಕೂಗಿದೆ. ಇನ್ನೊಮ್ಮೆ ಕೂಗಿದೆ.

"ಇಲ್ಲೇ ಅದೀನಿ" ಎಂದಿತು ಜೋಳದೊಳಗಿನ ದನಿ. "ಹುಡುಕಬ್ಯಾಡ್ರಿ. ಒಂದೀಟು ಹೊತ್ತು ಇಲ್ಲೇ ನಿಂತಿರ್ತೀನಿ."

ನಾನೂ ಹಾಲವ್ವನೂ ಬದುವಿನ ಮೇಲೆ ಕುಳಿತು, ಅವರು ಹೊರಬರುವವರೆಗೂ ಕಾದೆವು. ಆ ವಾರವೇ ನಾನು ರಾಯಚೂರಿಗೆ ಹೊರಟೆ. ಮತ್ತೆ ಅವರನ್ನು ನೋಡಲಾಗಲಿಲ್ಲ. ನಾಲ್ಕು ವರ್ಷದ ಮೇಲೆ ಅವರ ಮಗಳು ಹರಿಹರದಿಂದ ಬರೆದ ಕಾರ್ಡು ನನ್ನ ಕೈ ಸೇರಿದಾಗ, ಸಾಬರ ಮಣ್ಣಾಗಿ ಎಂಟು ದಿನ ಕಳೆದಿತ್ತು.